ಬಾಗಿಲಲ್ಲಿ ಜಪಾನು, ಒಳಗೆ ಅಮೆರಿಕ

ಬೆಳಗಾವಿಯ ಬಹುಮಹಡಿ ಮಳಿಗೆಯೊಂದರ ಬಾಗಿಲಲ್ಲಿ ಮೊನ್ನೆ ಹೊಸ ಬಟ್ಟೆಯ ಗಂಜಿಯ ವಾಸನೆಯೂ ಪನ್ನೀರಿನ ಪರಿಮಳವೂ ಒಟ್ಟಿಗೆ ಮೂಗಿಗೆ ಬಡಿದವು. ಕೂಡಲೇ ಇದೇ ವಾಸನೆಯ ಅಂಗಡಿ ನಡೆಸುತ್ತಿದ್ದ ನಿಪ್ಪಾಣಿಯ ಸಾವಕಾರರೊಬ್ಬರು ನೆನಪಾದರು. ಅವರನ್ನು ಬಹುವಚನದಲ್ಲಿ ಸ್ಮರಿಸುವುದು ನನ್ನ ಸಂಸ್ಕಾರ, ಅವರ ಅರ್ಹತೆಯಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ಅವರು ವ್ಯಾಪಾರಿಗಳ ಪ್ರವಾಸವೊಂದರಲ್ಲಿ ಜಪಾನು, ಅಮೆರಿಕ ಸುತ್ತಿ ಬಂದರು. ಬಂದವರೇ ಅಜ್ಜನ ಕಾಲದ ಅರಿವೆ ಅಂಗಡಿಯ ಗಾದಿ ಕಿತ್ತೆಸೆದು, ಗಾಜಿನ ಬಾಗಿಲು ಕೂಡಿಸಿ, ‘ಡಿಪಾರ್ಟ್‌ಮೆಂಟ್ ಸ್ಟೋರ್’ ಎಂದು ಹಲಗೆ ಏರಿಸಿದರು. ಹೋದವರಿಗೆಲ್ಲ ಪ್ರವಚನ.

“ಜಪಾನದಾಗ ಬಾಗಲಾ ತಗದ ಕೂಡ್ಲೇ ಮಂದಿ ಸಾಲಾಗಿ ನಿಂತು ಬಗ್ಗತಾರ್ರೀ, ಗಿರಾಕಿ ಅಂದ್ರ ದೇವ್ರು. ಅಮೇರಿಕಾದಾಗ ಯಾರೂ ಬಗ್ಗಂಗಿಲ್ಲ. ಮಾಲು ಗಿರಾಕಿ ಕೈಯಾಗ ಬಿಟ್ಟು ದೂರ ನಿಂದರತಾರ. ನಾ ಎರಡೂ ತಂದೀನ್ರಿ.”

ಬಾಗಿಲಲ್ಲಿ ಇಬ್ಬರು ಹುಡುಗಿಯರು ಬಗ್ಗುತ್ತಿದ್ದುದು ನಿಜ. ಒಳಗೆ ‘ಮುಟ್ಟಿ ನೋಡಿರಿ’ ಎಂಬ ಫಲಕವೂ ಇತ್ತು. ಆದರೆ ಒಂದು ನಾಡಿನ ವಿನಯವನ್ನಾಗಲಿ ಇನ್ನೊಂದರ ನಂಬಿಕೆಯನ್ನಾಗಲಿ ಪೆಟ್ಟಿಗೆಯಲ್ಲಿ ತುಂಬಿ ತರಲಾಗದೆಂಬ ಅರಿವು ಆ ಮಹಾನುಭಾವರಿಗೆ ಇರಲಿಲ್ಲ. ಹುಡುಗಿಯರು ಮೊದಲು ಬಂದವರ ಕಾಲು ನೋಡುತ್ತಿದ್ದರು. ಬೂಟಿಗೆ ಸೊಂಟ ಬಾಗುತ್ತಿತ್ತು, ಹವಾಯಿ ಚಪ್ಪಲಿಗೆ ಗೋಣೂ ಅಲ್ಲಾಡುತ್ತಿರಲಿಲ್ಲ. ಹಾಗೆ ಕಲಿಸಿದವರು ಯಾರೆಂದು ಹೇಳಬೇಕಿಲ್ಲ.

ನನ್ನವ್ವ ತಂಬಾಕಿನ ವಖಾರಿಯಲ್ಲಿ, ಆ ಗೋದಾಮಿನ ಧೂಳಿನಲ್ಲಿ, ದುಡಿಯುತ್ತಿದ್ದಳು. ನಮ್ಮದು ಯಾವ ಕೇರಿ ಎಂಬುದು ಊರಿಗೇ ಗೊತ್ತಿತ್ತು. ಹಳೆಯ ಅಂಗಡಿಗಳಲ್ಲಿ ನಮ್ಮವರು ಮೆಟ್ಟಿಲ ಕೆಳಗೆ ನಿಂತು, ಕಣ್ಣಿನಿಂದಷ್ಟೇ ಸೀರೆ ಆರಿಸಬೇಕು, ಮುಟ್ಟಿದರೆ ಕೊಂಡಂತೆಯೇ. ಸಾವಕಾರರ ಆ ಫಲಕದ ಸುದ್ದಿಯನ್ನು ನಾನು ಹೇಳಿದಾಗ ಅವಳ ಮುಖ ಅರಳಿದ್ದು... ಇರಲಿ. ನನ್ನ ತಂಗಿಯ ಮದುವೆಯಲ್ಲಿ ತಾನು ಉಡುವ ಸೀರೆಯನ್ನು ಜನ್ಮದಲ್ಲಿ ಮೊದಲ ಬಾರಿಗೆ ಮುಟ್ಟಿ ಆರಿಸಲೆಂದು ಅವಳು ಸಾಬೂನು ಹಚ್ಚಿ ಕೈ ತಿಕ್ಕಿಕೊಂಡು ನನ್ನೊಡನೆ ಹೊರಟಳು.

ಇಳಕಲ್ ಸೀರೆಯೊಂದರ ಸೆರಗನ್ನು ಬೆರಳಲ್ಲಿ ಹಿಡಿದಿದ್ದಳು, ಅಷ್ಟೇ. ಸಾವಕಾರರು ಗಲ್ಲಾದಿಂದಲೇ ಕೂಗಿದರು:

“ಏ ಮುದುಕಿ, ದೂರ ನಿಂತು ಹೇಳ ಬೇ. ತಗದು ತೋರಸ್ತಾರ.”

“ಮುಟ್ಟಿ ನೋಡ್ರಿ ಅಂತ ಬರದೀರಂತಲ್ರಿ, ಯಪ್ಪಾ?” ಅವ್ವ ಕೇಳಿದಳು.

“ಅದು ಗಿರಾಕಿಗೋಳಿಗೆ ಬರದದ್ದು.”

ನಾನಾಗ ಪ್ರೌಢಶಾಲೆಯ ಶಿಕ್ಷಕ. “ಹಂಗಾರ ನಾವು ಯಾರ್ರಿ, ಸಾವಕಾರ್ರ?” ಎಂದೆ.

ಅವರು ನಕ್ಕರು. “ನಿಮಗಂದಿಲ್ಲ ಬಿಡ್ರಿ, ಮಾಸ್ತರ್ರ. ನೀವು ಮುಟ್ರಿ.”

ಅವ್ವ ಮುಟ್ಟಿದ ಸೀರೆಯನ್ನು ಬೇರೆ ಇಡುವಂತೆ ಅವರು ಅಂಗಡಿಯ ಹುಡುಗಿಗೆ ಕಣ್ಣಲ್ಲೇ ಸೂಚಿಸಿದ್ದನ್ನೂ ನಾನು ಕಂಡೆ. ಅವ್ವ ನನ್ನ ತೋಳು ಹಿಡಿದಳು. “ನಡಿಯೋ ತಮ್ಮಾ, ಬಣ್ಣಾನೂ ಅಷ್ಟ ಚಲೋ ಇಲ್ಲ.”

ಅಂದಿನಿಂದ ಅವಳು ಯಾವ ಅರಿವೆ ಅಂಗಡಿಯ ಮೆಟ್ಟಿಲನ್ನೂ ಏರಲಿಲ್ಲ. ನಾನು ತಂದದ್ದನ್ನು ಒಂದು ಮಾತೂ ಆಡದೆ ಉಟ್ಟಳು. ಸಾವಕಾರರು ತೀರಿಕೊಂಡ ದಿನ ಪೇಟೆಯೆಲ್ಲ ಬಾಗಿಲು ಹಾಕಿತ್ತು. ನಾನು ಎಂದಿನಂತೆ ಪಾಠ ಮಾಡಿದೆ. ಅವ್ವನೂ ಹೋದಳು... ಅವಳಿಗೆ ಯಾವ ಬಣ್ಣ ಇಷ್ಟವೆಂಬುದು ನನಗೆ ಕಡೆಗೂ ತಿಳಿಯಲಿಲ್ಲ.

ಮೊನ್ನೆ ಆ ಮಳಿಗೆಯಲ್ಲಿ ಸೀರೆಗಳ ಸಾಲಿನುದ್ದಕ್ಕೂ ಕೈಯಾಡಿಸುತ್ತ ನಡೆದೆ. ಯಾರೂ ತಡೆಯಲಿಲ್ಲ. ನನ್ನ ಕೈಯನ್ನು ಅಂದೂ ಯಾರೂ ತಡೆದಿರಲಿಲ್ಲ.