ಕೋಟಿನ ಬೆನ್ನೊಳಗಿದ್ದ ಎಡಗೈ ಗಂಟು

ಆಗ ನನಗೆ ಅರವತ್ತು ದಾಟಿತ್ತು. ಹನ್ನೆರಡು ವರ್ಷದ ಹಿಂದಿನ ಮಾತು. ಅಲ್ಲಿಯವರೆಗೆ ಗಾಳಿ ಸೋಂಕು, ಸತ್ತವರು ಬಂದು ಹೇಳಿಹೋದರು ಅಂತ ಯಾರಾದರೂ ಶುರು ಮಾಡಿದರೆ ನಾನು ಅವರ ಮುಖದ ಮೇಲೇ ನಗುತ್ತಿದ್ದೆ. ಈಗಲೂ ಪೂರ್ತಿ ನಂಬುತ್ತೇನೆ ಅಂತ ಹೇಳುವುದಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಶಾಲೆ ಕಂಡದ್ದು ಕಮ್ಮಿ, ಅಕ್ಷರ ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ನಮ್ಮದು ಗಂಗೊಳ್ಳಿ. ಬೆಳಿಗ್ಗೆ ಬಂದರಿನಲ್ಲಿ ಮೀನು ತೆಗೆದು, ಟೆಂಪೋದಲ್ಲಿ ಕುಂದಾಪುರಕ್ಕೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಕೋಟೇಶ್ವರಕ್ಕೆ ಹೋಗಿ ಮನೆಮನೆಗೆ ಕೊಡುವುದು ನನ್ನ ಕೆಲಸ. ಆ ವರ್ಷ ಒಂದು ದಿನ ಬಂಗುಡೆ ಬುಟ್ಟಿಯನ್ನು ಬಸ್ಸಿನಲ್ಲೇ ಬಿಟ್ಟು ನಾನೊಬ್ಬಳೇ ಇಳಿದೆ. ಬಸ್ಸು ಬ್ರಹ್ಮಾವರದ ಕಡೆ ಹೋಯಿತು, ಮೀನೂ ಹೋಯಿತು. ಮನೆಯವರಿಗೆ ಅಷ್ಟೇ ಸಾಕಾಯಿತು. ಮಗ ಸುರೇಶ, "ಅಮ್ಮಂಗೆ ಮಂಡೆ ಸಮ ಇಲ್ಲೆ, ಇನ್ನ್ ಬುಟ್ಟಿ ಸಾಕ್" ಅಂತ ಬಂದವರ ಹತ್ತಿರವೆಲ್ಲ ಹೇಳತೊಡಗಿದ. ಬುಟ್ಟಿ ಬಿಟ್ಟರೆ ನನಗೆ ಏನಿದೆ? ಟಿವಿ ಎದುರು ಕೂತು ಬೆಳ್ಳುಳ್ಳಿ ಸುಲಿಯಬೇಕು. ನನ್ನಿಂದ ಆಗುವ ಕೆಲಸ ಅದಲ್ಲ.

ಚಳಿಗಾಲದಲ್ಲಿ ಟೆಂಪೋದ ಹಿಂದೆ ಐಸ್ ಪೆಟ್ಟಿಗೆಗೆ ಆತು ಕೂತರೆ ಬೆನ್ನು ಮರಗಟ್ಟುತ್ತದೆ. ಅದಕ್ಕೇ ಕುಂದಾಪುರದ ಶನಿವಾರದ ಸಂತೆಯಲ್ಲಿ ಹಳೇ ಬಟ್ಟೆಯ ರಾಶಿಯಿಂದ ಒಂದು ಕೋಟು ಎಳೆದು ತಂದೆ. ಕಪ್ಪು ಬಣ್ಣ, ಉಣ್ಣೆ, ಒದ್ದೆ ಗೋಣಿಯಷ್ಟು ಭಾರ. ಕುತ್ತಿಗೆಯ ಹತ್ತಿರ ಅಂಗಡಿಯ ಚೀಟಿ ಇರಲಿಲ್ಲ. ಒಂದು ಜೇಬು ಹರಿದಿತ್ತು.

ಸೊಸೆ ಜಲಜ ಬಾಗಿಲಿಗೆ ಅಡ್ಡ ನಿಂತಳು. "ಎಂತ ಅತ್ತೆ, ಸತ್ತವ್ರ್ ಕೋಟ್ ತಕಂಡ್ ಬಂದ್ರ್ಯಾ? ಒಳ್ಗ್ ತರ್ಬೇಡಿ."

"ಸತ್ತವ್ರಿಗ್ ಚಳಿ ಇಲ್ಲೆ, ನಂಗಿತ್ತ್" ಅಂದೆ. ಆದರೂ ಅವಳು ಬಿಡಲಿಲ್ಲ. ಕೋಟು ಜಗಲಿಯಲ್ಲೇ ಉಳಿಯಿತು.

ಪಕ್ಕದ ಮನೆಯ ಟೈಲರ್ ಶೀನ ಬಂದು ತಿರುವಿ ನೋಡಿದ. ಗುಂಡಿ ಪ್ಲಾಸ್ಟಿಕ್ಕಿನದಲ್ಲ, ಕೊಂಬಿನದು ಅಂದ. ಒಳಬಟ್ಟೆಯನ್ನು ಬೆರಳಲ್ಲಿ ಉಜ್ಜಿದ, ಬೆನ್ನು ಅಮುಕಿದ. "ಅಕ್ಕಾ, ಇದ್ ಹಡ್ಗಿನವ್ರ್ ಕೋಟ್. ದುಬೈ ಬದಿಯಿಂದ ಮೂಟೆಯಲ್ ಬಪ್ದ್. ಭಾರಿ ಅಂದ್ರೆ ಹತ್ತ್ ವರ್ಷ ಆಗಿರತ್ತ್" ಅಂತ ತೀರ್ಪು ಕೊಟ್ಟ. ಸುರೇಶನೂ ಹೌದು ಅಂತ ತಲೆ ಆಡಿಸಿದ. ನನಗೇನು, ಬೆಚ್ಚಗಿದ್ದರೆ ಸಾಕು. ಅವರಿಬ್ಬರೂ ಅಲ್ಲೇ ಬೀಡಿ ಹಚ್ಚಿ ಕೂತರು. ನಾನು ಸೂಜಿ ದಾರ ತಂದು ಹರಿದ ಜೇಬು ಹೊಲಿಯಲು ಕೂತೆ.

ದೀಪ ಹಚ್ಚುವ ಹೊತ್ತು. ಇನ್ನೂ ಬೆಳಕಿತ್ತು. ನಾನು ಕುಡಿದವಳಲ್ಲ, ನಿದ್ದೆಯೂ ಬಂದಿರಲಿಲ್ಲ. ಜಲಜ ಒಳಗಿನಿಂದ ಏನೋ ಕೇಳಿದಳು, ಉತ್ತರ ಕೊಟ್ಟೆ. ತಿರುಗಿ ನೋಡುತ್ತೇನೆ, ಸೂಜಿ ನನ್ನ ಎಡಗೈಯಲ್ಲಿದೆ. ಕೈ ಸರಸರ ಓಡುತ್ತಿದೆ. ಎಡಗೈಯಲ್ಲಿ ನಾನು ಒಂದು ಕಡ್ಡಿಯನ್ನೂ ಗೀರಿದವಳಲ್ಲ. ಹರಕಿನ ಮೇಲೆ ಹೊಲಿಗೆ ಬಿದ್ದಿರಲಿಲ್ಲ. ಬಲೆ ತೇಪೆ ಹಾಕುವ ಹಾಗೆ ಸಣ್ಣ ಸಣ್ಣ ಕಣ್ಣು ಬಿಟ್ಟು, ಕಣ್ಣಿಗೊಂದು ಗಂಟು ಹಾಕಿ ತುಂಬಿತ್ತು. ಗಂಟುಗಳೆಲ್ಲ ತಿರುಗಾಮುರುಗಾ ಕೂತಿದ್ದವು.

ಆ ಗಂಟು ನನಗೆ ಗೊತ್ತು. ನನ್ನ ಅಬ್ಬಿಯದು, ಹೆತ್ತ ತಾಯಿಯದು. ಅಬ್ಬಿ ಎಡಗೈಯವಳು. ದಡದಲ್ಲಿ ಹೆಂಗಸರು ಕೂಡಿ ಬಲೆ ತೇಪೆ ಹಾಕುವಾಗ, "ನಿನ್ ಗಂಟ್ ಅಡ್ಡ ಕೂಕಂತ್ ಮಾರಾಯ್ತಿ, ಅತ್ಲಾಗ್ ಹೋಗಿ ಕೂಕೊ" ಅಂತ ಅವಳನ್ನು ಬೇರೆ ಕೂರಿಸುತ್ತಿದ್ದರು. ನೈಲಾನ್ ಬಲೆ ನಮ್ಮ ಕಡೆ ಬರುವ ಮುಂಚೆಯೇ ಅವಳು ತೀರಿಕೊಂಡಳು. ನಾನು ಆಗ ಲಂಗದ ಹುಡುಗಿ. ನನಗೆ ಬಲೆ ಕಲಿಸಿದವಳು ಅವಳಲ್ಲ, ಚಿಕ್ಕಮ್ಮ. ಅದೂ ಬಲಗೈಯಲ್ಲಿ.

ಆಗ ನನ್ನ ಬಾಯಿ ನನ್ನನ್ನು ಕೇಳದೆ ಮಾತಾಡಿತು. "ಇದ್ ದುಬೈದ್ ಅಲ್ಲ, ನಮ್ ಬದಿದೇ. ಬೆನ್ನೊಳ್ಗ್ ಎಡ ಕಂಕುಳ ಕೆಳ್ಗೆ ಇನ್ನೊಂದ್ ತೇಪೆ ಇತ್ತ್. ಹತ್ತಿ ನೂಲ್. ಕೆಂಪು ನೂಲ್."

ಸುರೇಶ ಹಣೆ ಬಡಿದುಕೊಂಡ. "ಕಂಡ್ಯಾ ಶೀನ, ನಾನ್ ಹೇಳ್ಲಿಲ್ಯಾ?"

"ಬೆನ್ನ್ ನಾನೇ ಅಮ್ಕಿ ಕಂಡಿದೆ ಅಕ್ಕಾ, ಎಂತದೂ ಇಲ್ಲೆ" ಅಂದ ಶೀನ.

"ಹಂಗಾರೆ ಬಿಚ್ಚ್" ಅಂದೆ ನಾನು.

ಸುರೇಶ ಎದ್ದು ನಿಂತ. "ಸರಿ, ಬಿಚ್ಚಿ ಕಾಂಬ. ಇಲ್ದಿದ್ರೆ ನಾಳಿಂದ ನೀನ್ ಬಂದ್ರಿಗ್ ಹೋಪುಕಾಗ. ಒಪ್ಪಿದ್ಯಾ?"

"ಒಪ್ದೆ. ಇದ್ರೆ ನೀನ್ ಬಾಯಿ ಬಿಡುಕಾಗ."

ಹೇಳಿಬಿಟ್ಟೆ. ನನಗೇನೂ ಗೊತ್ತಿರಲಿಲ್ಲ ಮಾರಾಯರೇ. ಬಾಯಿಗೆ ಬಂದದ್ದು ಹೇಳಿದ್ದೆ. ಶೀನ ಕತ್ತರಿ ತಂದು ಒಳಬಟ್ಟೆಯ ಅಂಚು ಬಿಚ್ಚಿದ. ಒಳಗೆ ದಪ್ಪ ಹತ್ತಿ ಪದರ. ಏನೂ ಕಾಣಲಿಲ್ಲ. ಸುರೇಶ ಮೂಲೆಯಲ್ಲಿದ್ದ ನನ್ನ ಹೊಸ ಬುಟ್ಟಿಯ ಕಡೆ ನೋಡಿದ. ಶೀನ ಆ ಪದರವನ್ನೂ ಎತ್ತಿದ.

ಎತ್ತಿದವನು ಕತ್ತರಿ ಕೆಳಗಿಟ್ಟ.

ಉಣ್ಣೆಯ ಒಳಮೈಯಲ್ಲಿ ಅಂಗೈ ಅಗಲದ ಒಂದು ತೇಪೆ. ಕಣ್ಣು ಕಣ್ಣಾಗಿ ಹೆಣೆದದ್ದು, ಕೆಂಪು ಹತ್ತಿ ನೂಲಿನದು. ಮರದ ತೊಗಟೆ ಬೇಯಿಸಿ ಬಲೆಗೆ ಬಣ್ಣ ಕುಡಿಸುತ್ತಿದ್ದರಲ್ಲ, ಆ ಕೆಂಪು. ನೈಲಾನ್ ಬಂದ ಮೇಲೆ ಆ ನೂಲನ್ನು ಯಾರೂ ಕಂಡಿಲ್ಲ. ಜೇಬಿನ ಮೇಲಿನ ನನ್ನ ತೇಪೆಯನ್ನು ಅದರ ಪಕ್ಕ ಹಿಡಿದೆವು. ಗಂಟು ಒಂದೇ ರೀತಿ ಅಡ್ಡ ಕೂತಿತ್ತು.

"ಲೆಕ್ಕ ಹಾಕ್" ಅಂದೆ ಶೀನನಿಗೆ. "ನೈಲಾನಿನ್ ಮುಂಚಿನ ತೇಪೆ. ತೇಪೆ ಹಾಕ್ಕಾರೆ ಕೋಟ್ ಅದ್ಕೂ ಹಳೇದ್. ದುಬೈಯಲ್ ಬಲೆ ಗಂಟ್ ಹಾಕಿ ಕೋಟ್ ಹೊಲಿತ್ರಾ?"

ಶೀನ ತಲೆ ಕೆರೆದುಕೊಂಡು, "ನೀವ್ ಹೇಳದ್ದೇ ಸಮ ಅಕ್ಕಾ" ಅಂದ. ಸುರೇಶ ಮಾತಾಡಲಿಲ್ಲ. ಒಪ್ಪಂದ ಅದೇ ತಾನೇ.

ಅದು ಯಾರ ಕೋಟು? ನಮ್ಮ ಕೇರಿಯಲ್ಲಿ ಆಗ ಕೋಟು ಹಾಕುವ ಗಂಡಸು ಒಬ್ಬನೂ ಇರಲಿಲ್ಲ. ಬೊಂಬಾಯಿಗೆ ಹೋಗಿ ಬಂದ ಯಾರದೋ ಇರಬಹುದು, ದೋಣಿಯ ಧಣಿಗಳದು ಇರಬಹುದು. ಅಬ್ಬಿ ಅದನ್ನು ನಮ್ಮ ಮನೆಗೆ ತಂದು ಹೊಲಿದದ್ದು ನಾನು ಕಂಡಿಲ್ಲ. ಇಷ್ಟು ವರ್ಷ ಎಲ್ಲೆಲ್ಲಿ ಸುತ್ತಿ ಅದು ಸಂತೆಯ ರಾಶಿಗೆ ಬಂತು, ಅಷ್ಟು ಬಟ್ಟೆಯಲ್ಲಿ ನಾನು ಅದನ್ನೇ ಯಾಕೆ ಎಳೆದೆ, ಗೊತ್ತಿಲ್ಲ. ಎಡಗೈಯ ವಿಷಯವಂತೂ ಕೇಳಲೇಬೇಡಿ. ಆಮೇಲೆ ಎಷ್ಟೋ ಸಲ ಎಡಗೈಯಲ್ಲಿ ಸೂಜಿ ಹಿಡಿದು ನೋಡಿದೆ. ಬೆರಳಿಗೆ ಚುಚ್ಚಿಕೊಂಡದ್ದೇ ಬಂತು.

ಮರುದಿನ ಬೆಳಿಗ್ಗೆ ಕೋಟನ್ನು ಒಳಗಿನಿಂದ ತಂದುಕೊಟ್ಟವಳು ಜಲಜ. ಯಾವಾಗ ಒಳಗೆ ತೆಗೆದಿಟ್ಟಳೋ, ನಾನು ಕೇಳಲಿಲ್ಲ. ಸೀರೆಯ ಮೇಲೆ ಹಾಕಿಕೊಂಡು ಬಂದರಿಗೆ ಹೋದೆ. "ಹ್ವಾಯ್, ಹಡ್ಗಿನ್ ಕ್ಯಾಪ್ಟನ್ ಬಂದ್ರ್ ಕಾಣಿ!" ಅಂತ ಹೆಂಗಸರು ಕೂಗಿದರು. "ಕ್ಯಾಪ್ಟನ್ನಿಗೆ ದಾರಿ ಬಿಡಿ" ಅಂತ ನುಗ್ಗಿ ಒಳ್ಳೇ ಬಂಗುಡೆ ಆರಿಸಿದೆ. ಟೆಂಪೋದಲ್ಲಿ ಬೆನ್ನು ಬೆಚ್ಚಗಿತ್ತು. ಕೋಟೇಶ್ವರದಲ್ಲಿ ಬಸ್ಸು ನಿಂತಾಗ ಮೊದಲು ಬುಟ್ಟಿ ಇಳಿಸಿದೆ, ಆಮೇಲೆ ನಾನು ಇಳಿದೆ.