ಎಸ್‌ಎಸ್‌ಡಿಗೆ ಅವ್ವ ಇಟ್ಟ ಕುಂಕುಮ

ನಮ್ಮ ಮನೆ ಕಂಪ್ಯೂಟರು ಆನ್ ಆಗೋಷ್ಟರಲ್ಲಿ ಉಪ್ಪಿಟ್ಟು ಮಾಡಿ, ತಿಂದು, ಬಾಣಲೆ ತೊಳೆದಿಟ್ಟು ಬರಬಹುದಿತ್ತು. ಉತ್ಪ್ರೇಕ್ಷೆ ಅಲ್ಲ, ಮಾಡಿದ್ದೀನಿ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ಅಂಚಿಗೆ ಡಿಸೈನ್ ಬರೆಯೋದು ನನ್ನ ಕಸುಬು. ಮೊದಲು ಚೌಕುಳಿ ಹಾಳೆ ಮೇಲೆ ಪೆನ್ಸಿಲ್ಲಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ ಚುಕ್ಕಿ ಚುಕ್ಕಿಯಾಗಿ. ಒಂದು ಚುಕ್ಕಿ ಅಂದ್ರೆ ಒಂದು ಎಳೆ. ಅದನ್ನ ನೋಡಿ ರಟ್ಟಿನ ಕಾರ್ಡಿಗೆ ತೂತು ಹೊಡೀತಾರೆ, ಆ ಕಾರ್ಡು ಮಗ್ಗದ ಮೇಲೇರುತ್ತೆ. ಅವ್ವ ಒಳಗಿನ ಕೋಣೆಯಲ್ಲಿ ಕೂತು ನೇಯ್ತಾಳೆ. ನಾನು ನಡುಮನೆಯಲ್ಲಿ ಕೂತು ಕಂಪ್ಯೂಟರಿಗೆ ಬೈತೀನಿ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ.

ಅವ್ವ ಮದುವೆಯಾಗಿ ಈ ಮನೆಗೆ ಬಂದ ವರ್ಷ ಮಗ್ಗಕ್ಕೆ ಕೂತೋಳು. ಅವತ್ತಿಂದ ನೇಯ್ದದ್ದೆಲ್ಲ, ರೇಷ್ಮೆ ಕೊಟ್ಟು ನೇಯಿಸೋ ಸಾಹುಕಾರ್ರು ಕೊಟ್ಟ ಡಿಸೈನು. ನವಿಲು ಕೊಟ್ರೆ ನವಿಲು, ಮಾವಿನಕಾಯಿ ಕೊಟ್ರೆ ಮಾವಿನಕಾಯಿ. ಹೋದ ವರ್ಷ ಒಂದಿನ ಮುದ್ದೆ ಮುರೀತಾ, “ಕೊಂಬಿನ ಅಂಚು ಅಂತ ಒಂದು ಬರೀತೀಯೇನೇ?” ಅಂದಳು. ಅವಳ ತವರು ವರವು ಕಾವಲಿನ ಪಕ್ಕ, ದನ ಮೇಯೋಕೆ ಅಂತಲೇ ಬಿಟ್ಟ ಹುಲ್ಲುಗಾವಲು ಅದು. ಚಿಕ್ಕೋಳಿದ್ದಾಗ ಎದೆಮಟ್ಟದ ಒಣಹುಲ್ಲಲ್ಲಿ ಅಮೃತಮಹಲ್ ದನ ಮಲಗಿ ಮೆಲುಕು ಹಾಕ್ತಿದ್ರೆ ದನ ಕಾಣ್ತಿರಲಿಲ್ಲವಂತೆ, ಹುಲ್ಲಿನ ಮೇಲೆ ಬರೀ ಕೊಂಬು, ಸಾಲಿಗೆ ಸಾಲು. ಆ ಸಾಲು ಅಷ್ಟು ವರ್ಷ ಅವಳ ತಲೆಯೊಳಗೇ ಇತ್ತು, ನನಗೆ ಗೊತ್ತೇ ಇರಲಿಲ್ಲ.

ಮೂರು ತಿಂಗಳು ಬರೆದೆ. ಬರೆದೆ ಅನ್ನೋದಕ್ಕಿಂತ ಅಳಿಸಿದೆ. “ಕೊಂಬು ಹಂಗೆ ಅಗಲಕ್ಕೆ ಹೋಗಲ್ಲ ಕಣೆ, ಅದೇನು ಎಮ್ಮೆಯಾ?” ಅಂತ ಅವ್ವ ಬೆನ್ನ ಹಿಂದೆ ನಿಂತು ತಲೆ ತಿಂದಳು. ಕೊನೆಗೊಂದು ದಿನ ಏನೂ ಅನ್ನಲಿಲ್ಲ. ಅದೇ ಒಪ್ಪಿಗೆ ಅಂತ ತಿಳ್ಕೊಂಡೆ.

ಅಷ್ಟರಲ್ಲಿ ಮಗ್ಗದ ಮೇಲಿದ್ದ ಎಳೆ ಮುಗೀತಾ ಬಂದಿತ್ತು, ಹೊಸ ಡಿಸೈನು ಏರಿಸಬೇಕಿತ್ತು. ಧೈರ್ಯ ಮಾಡಿ, ಹೊಸ ಅಂಚೊಂದು ಐತೆ ಅಂತ ಸಾಹುಕಾರ್ರಿಗೆ ಹೇಳಿದೆ. “ಸೋಮವಾರ ಬರ್ತೀನಿ, ತೋರ್ಸು. ಮನಸಿಗೆ ಬಂದ್ರೆ ಅದನ್ನೇ ಏರಿಸೋಣ. ಇಲ್ಲಾಂದ್ರೆ ನವಿಲಿನ ಕಾರ್ಡು ರೆಡಿ ಐತೆ” ಅಂದ್ರು. ಅವ್ವ ಅವತ್ತು ಮಗ್ಗದಲ್ಲಿ ಕೂತು ಗುನುಗಿದ್ದು ಕೇಳಿಸ್ತು. ಅವಳು ಗುನುಗೋಳೇ ಅಲ್ಲ.

ಶುಕ್ರವಾರ ಬೆಳಿಗ್ಗೆ ಕಂಪ್ಯೂಟರು ಕಟಕ್ ಕಟಕ್ ಅಂತ ಸದ್ದು ಶುರು ಮಾಡಿತು. ಅವ್ವ ಒಳಗಿಂದಲೇ, “ಈ ಸದ್ದು ಸರಿಯಿಲ್ಲ ಕಣೆ. ಲಾಳಿ ಸಿಕ್ಕಾಕ್ಕೊಂಡಾಗ ಹಿಂಗೇ ಬರೋದು” ಅಂದಳು. ಕೊಂಬಿನ ಅಂಚಿನ ಫೈಲು ಇದ್ದದ್ದು ಅದರ ಹಾರ್ಡ್ ಡಿಸ್ಕಿನಲ್ಲಿ ಮಾತ್ರ. ಪೆನ್ಸಿಲ್ಲಿನ ಹಾಳೆ ಅಳಿಸಿ ಅಳಿಸಿ ಯಾವತ್ತೋ ಹರಿದುಹೋಗಿತ್ತು. ನಾಳೆ ಕಾಪಿ ಇಟ್ಕೊಳ್ಳೋಣ, ನಾಳೆ ಇಟ್ಕೊಳ್ಳೋಣ ಅಂತ ತಿಂಗಳುಗಟ್ಟಲೆ ತಳ್ಳಿದ ಮಹಾತಾಯಿ ನಾನು. ಗಾಬರಿಯಿಂದ ಪೆನ್‌ಡ್ರೈವ್ ಚುಚ್ಚಿ ಕಾಪಿ ಕೊಟ್ಟೆ. ಅರ್ಧಕ್ಕೆ ಪರದೆ ಕಪ್ಪಾಯ್ತು.

ಚಳ್ಳಕೆರೆ ಬಸ್ ಸ್ಟ್ಯಾಂಡ್ ಹತ್ರ ಕಂಪ್ಯೂಟರ್ ಅಂಗಡಿ ಇಟ್ಟಿರೋ ಸಾಬ್ರಿಗೆ ಫೋನ್ ಮಾಡಿದೆ. ವಯಸ್ಸಾದ ಮನುಷ್ಯ, ನಮ್ಮ ಕಂಪ್ಯೂಟರನ್ನ ಕೂಡಿಸಿ ಕೊಟ್ಟೋರೂ ಅವರೇ. “ಬಂದ್ ಮಾಡು ತಂಗೀ! ಇನ್ನು ಮುಟ್ಟಬ್ಯಾಡ. ಹಳೇ ಡಿಸ್ಕು ಎಷ್ಟು ಕಡಿಮೆ ತಿರುಗಿದ್ರೆ ಅಷ್ಟು ಒಳ್ಳೇದು. ತಿರುಗದೇ ಇರೋ ಹೊಸಾ ಡಿಸ್ಕು ಬಂದೈತೆ, ಎಸ್‌ಎಸ್‌ಡಿ ಅಂತ, ಅದನ್ನ ಹಾಕು, ಸಿಸ್ಟಮ್ಮು ಅದ್ರಲ್ಲಿ ಕೂರ್ಲಿ. ಆಮೇಲೆ ಹಳೇದನ್ನ ಒಂದೇ ಸಲ ಎಬ್ಬಿಸಿ, ಬೇಕಾದ್ದು ಎತ್ಕೊಂಡು ಬಿಡು” ಅಂದ್ರು.

ಶನಿವಾರ ಬಸ್ ಹತ್ತಿದೆ. ಚಳ್ಳಕೆರೆಯಲ್ಲಿ ಇಳಿದರೆ ಗಾಳಿಯಲ್ಲಿ ಕಡ್ಲೆಕಾಯಿ ಎಣ್ಣೆ ಘಮ. ಸಾಬ್ರು ಒಂದು ಪುಟ್ಟ ಡಬ್ಬಿ ಮುಂದಿಟ್ಟರು. ಒಳಗೆ ಚೂಯಿಂಗ್‌ಗಮ್ ಪಟ್ಟಿಯಷ್ಟುದ್ದದ ಹಸಿರು ತುಂಡು, ಒಂದು ತುದಿಗೆ ಬಂಗಾರದ ಬಣ್ಣದ ಹಲ್ಲು. “ಇಷ್ಟೇನಾ?” ಅಂದೆ. “ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು” ಅಂತ ನಕ್ಕರು. ಹಾಕೋ ಜಾಗವನ್ನ ತಮ್ಮ ಕಂಪ್ಯೂಟರ್ ಬಿಚ್ಚಿ ತೋರಿಸಿದರು, ಸಿಸ್ಟಂ ತುಂಬಿದ ಪೆನ್‌ಡ್ರೈವ್ ಕೊಟ್ಟರು. “ಮೊದಲು ಕಂಪ್ಯೂಟರ್ ಡಬ್ಬದ ತಗಡು ಮುಟ್ಟು. ಮೈಯಾಗಿನ ಕರೆಂಟು ಇಳಿದೋಗ್ಲಿ. ರೇಷ್ಮೆ ಸೀರೆ ಉಟ್ಕೊಂಡು ಕೂರಬ್ಯಾಡ ಮತ್ತೆ!” ಅಂದರು. ರೇಷ್ಮೆ ನೇಯೋರು ನಾವು, ಉಡೋರಲ್ಲ ಬಿಡಿ.

ಭಾನುವಾರ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರೋಷ್ಟರಲ್ಲಿ ಡಬ್ಬಿ ದೇವರ ಮುಂದೆ ಕೂತಿತ್ತು, ಪಕ್ಕದಲ್ಲಿ ಊದುಬತ್ತಿ. ಹೊಸ ಲಾಳಿ ಬಂದರೂ ಪೂಜೆ ಮಾಡೋ ಮನೆ ನಮ್ಮದು, ಇದೇನು ಹೊಸದಲ್ಲ. ಕೈಮುಗಿದು ಎತ್ಕೊಂಡೆ. ತಗಡು ಮುಟ್ಟಿ, ಡಬ್ಬ ಬಿಚ್ಚಿ, ಧೂಳು ಊದಿ, ಹಳೇ ಡಿಸ್ಕಿನ ವೈರು ಕಿತ್ತೆ. ಎಸ್‌ಎಸ್‌ಡಿಯನ್ನ ಓರೆಯಾಗಿ ಸಂದಿಗೆ ತೂರಿಸಿ ಕೆಳಕ್ಕೆ ಒತ್ತಿದೆ. ಅದನ್ನ ಹಿಡಿಯೋ ಸ್ಕ್ರೂ ಸಾಸಿವೆ ಕಾಳಿನಷ್ಟು, ಮೂರು ಸಲ ಬೀಳಿಸಿದೆ. “ತೊಲಗಾಚೆ” ಅಂತ ಅವ್ವ ಬಂದು ಕೂತಳು. ಕತ್ತಲಲ್ಲೂ ರೇಷ್ಮೆ ಎಳೆ ಗಂಟು ಹಾಕೋ ಬೆರಳು ಅವು. ಒಂದೇ ಸಲಕ್ಕೆ ಸ್ಕ್ರೂ ಕೂತಿತು.

ಆನ್ ಮಾಡಿದೆ. ಪೆನ್‌ಡ್ರೈವ್ ಕಂಡಿತು, ಎಸ್‌ಎಸ್‌ಡಿ ಕಾಣಲಿಲ್ಲ. ಆಫ್ ಮಾಡಿ, ಮೇಲಿಂದಲೇ ಒತ್ತಿ, ಮತ್ತೆ ಆನ್ ಮಾಡಿದೆ. ಇಲ್ಲ. ನನ್ನ ಬಾಯಿ ಶುರುವಾಯ್ತು. ಕಂಪ್ಯೂಟರಿಗೆ, ಕಂಪನಿಗೆ, ಬಸ್ಸಿಗೆ, ನನ್ನ ಹಣೆಬರಹಕ್ಕೆ ಎಲ್ಲಕ್ಕೂ ಬೈದೆ. ಸಾಬ್ರಿಗೆ ವಿಡಿಯೋ ಕಾಲ್ ಮಾಡಿದೆ. “ಬಿಚ್ಚಿ ತೋರ್ಸು” ಅಂದರು. ಬಿಚ್ಚಿ ಫೋನಿನ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ ನೋಡಿದರು. “ತಂಗೀ, ಹಲ್ಲಿನ ಮೇಲೆ ಕೆಂಪಗೆ ಐತಲ್ಲ, ಅದೇನು?”

ನೋಡ್ತೀನಿ, ಕುಂಕುಮ! ಕೆಳಗೆ ಒದ್ದೆ ಅರಿಶಿನ, ಅದರ ಮೇಲೆ ದುಂಡಗೆ ಕುಂಕುಮ, ಸರಿಯಾಗಿ ಆ ಬಂಗಾರದ ಹಲ್ಲಿನ ಮಧ್ಯೆ. ಅಡಿಮಗ್ಗುಲಲ್ಲಿ ಇಟ್ಟಿದ್ದಳು, ಆತುರದಲ್ಲಿ ನಾನು ತಿರುಗಿಸಿ ನೋಡಿರಲೇ ಇಲ್ಲ.

“ಅವ್ವಾ!”

“ಅಲ್ಲೊಂದೇ ಬಂಗಾರದಂಗೆ ಹೊಳೀತಿತ್ತಲ್ಲೇ. ಅದೇ ಮುಖ ಅಂದ್ಕೊಂಡೆ” ಅಂದಳು ಅವ್ವ. ನನ್ನ ಮುಖ ನೋಡಿ, “ಅಯ್ಯೋ ದೇವುಡಾ, ಕೆಟ್ಟೋಯ್ತಾ?” ಅಂದಳು. ಹೆದರಿಕೊಂಡಾಗ ಅವಳಿಗೆ ತೆಲುಗೇ ಬರೋದು. ಅವಳ ಕಣ್ಣು ತುಂಬಿದ್ದು ಕಂಡು ನನ್ನ ಸಿಟ್ಟು ಎಲ್ಲಿಗೆ ಹೋಯ್ತೋ. ಫೋನಿನಲ್ಲಿ ಸಾಬ್ರು ಬಿದ್ದು ಬಿದ್ದು ನಗ್ತಿದ್ದರು. “ಏನೂ ಆಗಿಲ್ಲಮ್ಮಾ, ಫಿಕರ್ ಮಾಡಬ್ಯಾಡ್ರಿ! ಒಣ ಬಟ್ಟೆಯಿಂದ ಒರೆಸಿ, ಪೆನ್ಸಿಲ್ ಅಳಿಸೋ ರಬ್ಬರ್ ತಗೊಂಡು ಮೆಲ್ಲಗೆ ಉಜ್ಜಿ.”

ನಮ್ಮ ಮನೆಯಲ್ಲಿ ಅಕ್ಕಿ ಇಲ್ಲದಿದ್ದರೂ ರಬ್ಬರ್ ಇರುತ್ತೆ. ಉಜ್ಜಿದ್ದು ಅವ್ವನೇ, ನನಗೆ ಮುಟ್ಟೋಕೂ ಬಿಡಲಿಲ್ಲ. ಹಲ್ಲು ಒಂದೊಂದೂ ಫಳಫಳ ಅಂದಮೇಲೆ ಮತ್ತೆ ಕೂರಿಸಿ ಆನ್ ಮಾಡಿದೆ. ಕಂಡಿತು! ಇಬ್ಬರೂ ಕೂಗಿದ ಕೂಗಿಗೆ ಪಕ್ಕದ ಮನೆಯವರು ಏನಾಯ್ತು ಅಂತ ಬಂದು ಇಣುಕಿದರು. ಸಿಸ್ಟಂ ತುಂಬಿಸಿದ್ದಾಯ್ತು. ಭಾಷೆ ಕೇಳಿತು, ಊರಿನ ಟೈಮ್ ಕೇಳಿತು, ಹೇಳಿದ್ವಿ. ಮತ್ತೆ ಆನ್ ಮಾಡಿದರೆ ಕಣ್ಣು ಮುಚ್ಚಿ ತೆಗೆಯೋದರೊಳಗೆ ಪರದೆ ಬಂತು. “ಇನ್ಮೇಲೆ ಉಪ್ಪಿಟ್ಟು ಯಾವಾಗ ಮಾಡ್ತೀಯೇ?” ಅಂದಳು ಅವ್ವ.

ಇನ್ನು ಹಳೇ ಡಿಸ್ಕು. ಆಫ್ ಮಾಡಿ ಅದರ ವೈರು ಚುಚ್ಚಿ, ಮತ್ತೆ ಆನ್ ಮಾಡಿದೆ. ಕಟಕ್ ಕಟಕ್ ಅನ್ನುತ್ತಲೇ ತೆರೆದುಕೊಂಡಿತು. ನಾನು ಕೊಂಬಿನ ಅಂಚಿನ ಮೇಲೆ ಮೌಸ್ ಇಟ್ಟೆ. ಅವ್ವ ನನ್ನ ಕೈ ಹಿಡಿದಳು.

“ಸಾಹುಕಾರ್ರ ಡಿಸೈನು ಮೊದ್ಲು ಎತ್ಕೋ. ಅನ್ನ ಹಾಕಿದೋರದ್ದು.”

“ಅವರದ್ದೆಲ್ಲ ಕಾರ್ಡ್ ಹೊಡೆದಿಟ್ಟೈತೆ ಅವ್ವಾ. ನಿಂದು ಇದೊಂದೇ ಇರೋದು.”

“ಆದ್ರೂ ತಪ್ಪಾಗ್ತೈತೆ ಕಣೆ. ನಂದೇನು, ಹೋದ್ರೆ ಹೋಗ್ಲಿ.”

“ಒಂದ್ಸಲ ಬಾಯಿ ಮುಚ್ಕೊಂಡು ಕೂತ್ಕೋ!” ಅಂತ ಹೆತ್ತ ತಾಯಿಗೆ ರೇಗಿ, ಒತ್ತಿಬಿಟ್ಟೆ. ಕಾಪಿ ಆಗೋದು ತೋರಿಸೋ ಹಸಿರು ಗೆರೆ ಸರಸರ ಹೋಗಿ, ಇನ್ನೇನು ಮುಗೀತು ಅನ್ನೋವಾಗ ನಿಂತಿತು. ಕಟಕ್. ಕಟಕ್. ಅವ್ವ ಸೆರಗು ಬಾಯಿಗೊತ್ತಿಕೊಂಡಳು. ಆಮೇಲೆ ಗೆರೆ ಮೆಲ್ಲಗೆ ಹೋಗಿ ದಡ ಮುಟ್ಟಿತು. ತೆರೆದೆ. ಅಂಚು ಪೂರ್ತಿ ಇತ್ತು, ಒಂದು ಚುಕ್ಕಿಯೂ ಹೋಗಿರಲಿಲ್ಲ. ನಾನು ಅವ್ವನನ್ನ ತಬ್ಕೊಂಡು ಜೋರಾಗಿ ಅತ್ತೆ. ಖುಷಿಗೆ. ಸಾಹುಕಾರ್ರ ಡಿಸೈನುಗಳೂ ಹೆಚ್ಚುಕಡಿಮೆ ಎಲ್ಲ ಬಂದವು. ಸಂಜೆ ಇನ್ನೊಂದು ಸಲ ಎಬ್ಬಿಸೋಕೆ ಹೋದರೆ ಹಳೇ ಡಿಸ್ಕು ಏಳಲೇ ಇಲ್ಲ.

ಸೋಮವಾರ ಸಾಹುಕಾರ್ರು ಬಂದರು. ಪರದೆ ಮುಂದೆ ಕೂತು ಅಂಚನ್ನ ಆ ಕಡೆಯಿಂದ ಈ ಕಡೆಗೆ ನೋಡಿದರು. “ಯಾರ ಡಿಸೈನಮ್ಮಾ ಇದು?” ಅಂದರು. ನಾನು ಬಾಯಿ ತೆರೆಯೋ ಮೊದಲೇ ಬಾಗಿಲ ಹತ್ರ ನಿಂತಿದ್ದ ಅವ್ವ, “ನಂದ್ರಿ” ಅಂದಳು.

ಅವರು ತಿರುಗಿ ನೋಡಿದರು. “ಚೆನ್ನಾಗೈತೆ. ಏರ್ಸಿ. ಸೀರೆ ಒಡಲಿಗೆ ಮೆರೂನ್ ಬಣ್ಣ ಹಾಕಿದ್ರೆ ಬೇಗ ಹೋಗ್ತೈತೆ.”

“ಮೆರೂನ್ ಬ್ಯಾಡ್ರಿ. ಒಣಹುಲ್ಲಿನ ಬಣ್ಣ ಹಾಕ್ಬೇಕು. ಬೇರೆ ಹಾಕೋದಾದ್ರೆ ನಾನು ನೇಯಲ್ಲ.”

ಅವ್ವ ಆ ಮನುಷ್ಯನಿಗೆ ಒಂದು ದಿನಕ್ಕೂ ಇಲ್ಲ ಅಂದೋಳಲ್ಲ. ಸಾಹುಕಾರ್ರು ನನ್ನ ಮುಖ ನೋಡಿದರು, ನಾನು ಗೋಡೆ ನೋಡಿದೆ. ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡು, “ಒಣಹುಲ್ಲು ಅಂದ್ರೆ ಯಾವ ತಿಂಗಳಿನ ಹುಲ್ಲಮ್ಮಾ?” ಅಂತ ಅವ್ವನನ್ನ ಕೇಳಿದರು.