ಮ್ಯಾನೇಜರ್ ಕಾಂತರಾಜ್ ಮುನಿರಾಜುವನ್ನು ಮಾತಾಡಿಸಿದ್ದು

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಬೆಳಗಿನ ರೈಲಿನಲ್ಲಿ ಕಾಂತರಾಜನಷ್ಟು ಗಂಭೀರವಾಗಿ ಮೊಬೈಲ್ ನೋಡುವವರು ಇನ್ನೊಬ್ಬರಿರಲಿಲ್ಲ. ಯಾರೋ ಹತ್ತಿರದವರು ತೀರಿಕೊಂಡ ಸುದ್ದಿ ಬಂದಿದೆ ಅಂತ ಎದುರು ಕೂತವರು ಅಂದುಕೊಳ್ಳಬೇಕು, ಹಾಗಿರುತ್ತಿತ್ತು ಅವನ ಮುಖ. ನಿಜವಾದ ವಿಷಯ ಏನಂದರೆ, ಯುರೋಪಿನ ಒಂದು ಕ್ಲಬ್ಬಿನ ಫುಟ್‌ಬಾಲ್ ಆಟಗಾರ, ತನ್ನನ್ನು ಪಂದ್ಯದಲ್ಲಿ ಆಡಿಸಲಿಲ್ಲ ಅಂತ ಮುನಿಸಿಕೊಂಡು ಕೂತಿರುತ್ತಿದ್ದ. ಅವನನ್ನು ದಾರಿಗೆ ತರುವ ಹೊಣೆ ಆ ಕ್ಲಬ್ಬಿನ ಮ್ಯಾನೇಜರ್ ಆದ ಕಾಂತರಾಜನದು. ಕ್ಲಬ್ಬೂ ಆಟಗಾರನೂ ಇದ್ದದ್ದು ಮೊಬೈಲಿನ ಒಳಗೆ. ಮ್ಯಾನೇಜರ್ ಮಾತ್ರ ಹೊರಗೆ: ಕೆಜಿಎಫ್‌ನ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಎಣಿಸಿ ಕೊಡುವ, ನಲವತ್ತು ದಾಟಿದ, ಕುಕ್ಕರುಗಾಲಲ್ಲಿ ಕೂತರೆ ಏಳಲು ಗೋಡೆ ಹುಡುಕುವ ಮನುಷ್ಯ.

ಆ ಗೇಮಿನಲ್ಲಿ ಚೆಂಡು ಒದೆಯುವ ಕೆಲಸವಿಲ್ಲ. ತಂಡ ಕಟ್ಟಬೇಕು, ಯಾರು ಆಡಬೇಕು ಯಾರು ಹೊರಗೆ ಕೂರಬೇಕು ಅಂತ ತೀರ್ಮಾನಿಸಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಆಟಗಾರರ ಜೊತೆ ಮಾತಾಡಬೇಕು. ಆಟಗಾರ ಬಂದು ತನ್ನ ದೂರು ಹೇಳುತ್ತಾನೆ. ಕೆಳಗೆ ಒಂದಷ್ಟು ಉತ್ತರ ಮೂಡುತ್ತವೆ. ಒಂದು ಸಮಾಧಾನದ್ದು, ಒಂದು ಗದರಿಸುವುದು, ಇನ್ನೊಂದು ಮಾತು ಕೊಡುವುದು. ಸರಿಯಾದದ್ದನ್ನು ಒತ್ತಿದರೆ ಅವನ ಹೆಸರಿನ ಪಕ್ಕ ಹಸಿರು ಬಾಣ ಮೇಲೇಳುತ್ತದೆ. ಕಾಂತರಾಜನಿಗೆ ಇದರಲ್ಲಿ ಎಷ್ಟು ಕೈ ಪಳಗಿತ್ತೆಂದರೆ, ಮನುಷ್ಯರ ಮನಸ್ಸು ಅಂದರೆ ಇಷ್ಟೇ ತಾನೇ, ಇದಕ್ಕೆ ಯಾಕೆ ಜನ ಇಷ್ಟು ಒದ್ದಾಡುತ್ತಾರೆ ಅನ್ನಿಸಿಬಿಟ್ಟಿತ್ತು.

ಮನೆಯಲ್ಲಿ ಹೆಂಡತಿ ಕಲ್ಪನ ಒಂದು ದಿನ, ಗ್ಯಾಸ್ ಸಿಲಿಂಡರ್ ಖಾಲಿಯಾಗಿದೆ, ನಿಮಗೆ ಮೊನ್ನೆಯಿಂದ ಹೇಳ್ತಿದೀನಿ ಅಂತ ಸಿಡುಕಿದಳು. ಕಾಂತರಾಜ್ ಕುರ್ಚಿಯಲ್ಲಿ ನೆಟ್ಟಗೆ ಕೂತು, ಧ್ವನಿ ತಗ್ಗಿಸಿ, "ನಿನ್ನ ಅಸಮಾಧಾನ ನನಗೆ ಅರ್ಥವಾಗುತ್ತೆ. ಮುಂದಿನ ದಿನಗಳಲ್ಲಿ ಪರಿಸ್ಥಿತೀನ ಪರಿಶೀಲಿಸೋಣ" ಅಂದ.

"ರೀ, ಸಿಲಿಂಡರ್ ಪರಿಶೀಲಿಸೋದಲ್ಲ, ಬುಕ್ ಮಾಡೋದು," ಅಂದಳು ಕಲ್ಪನ.

ಅಷ್ಟಕ್ಕೇ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಆ ವರ್ಷ ಕಾರ್ಖಾನೆಯ ವಿಭಾಗಗಳ ನಡುವೆ ಫುಟ್‌ಬಾಲ್ ಪಂದ್ಯಾವಳಿ ಏರ್ಪಾಡಾಯಿತು. ಮ್ಯಾನೇಜರ್ ಅಂದರೆ ನೀರಿನ ಕ್ಯಾನು ಹೊರುವುದು, ಬೆವರಿನ ಬನಿಯನ್ನುಗಳನ್ನು ಗಂಟು ಕಟ್ಟುವುದು. ಹಾಗಾಗಿ ಕಾಂತರಾಜನ ವಿಭಾಗದಲ್ಲಿ ಯಾರೂ ಮುಂದೆ ಬರಲಿಲ್ಲ. ವಿಭಾಗದ ಸಾಹೇಬರು ಇನ್ನೂ ಕೇಳಿ ಮುಗಿಸಿರಲಿಲ್ಲ, ಕಾಂತರಾಜನ ಕೈ ಮೇಲೆದ್ದಿತ್ತು. "ನನಗೆ ಅನುಭವ ಇದೆ ಸಾರ್" ಅಂದ. ಎಲ್ಲಿ ಅಂತ ಅವರು ಕೇಳಿದರು. ಯುರೋಪ್ ಅನ್ನುವ ಮಾತು ಬಾಯಿಯ ತನಕ ಬಂದಿತ್ತು, ನುಂಗಿಕೊಂಡ.

ಆ ತಂಡದ ದೊಡ್ಡ ಹೆಸರು ಮುನಿರಾಜು. ಕಾಮಸಮುದ್ರದ ಕಡೆಯ ಹಳ್ಳಿಯವನು, ದಿನಾ ಬಸ್ಸಿನಲ್ಲಿ ಬಂದು ಕ್ರೇನ್ ನಡೆಸುವವನು. ಒಂದು ಕಾಲಕ್ಕೆ ತಲೆಯಲ್ಲಿ ಹೊಡೆದು ಗೋಲು ಹಾಕಿದ್ದನ್ನು ಕೆಜಿಎಫ್‌ನ ಮೈದಾನಗಳಲ್ಲಿ ಈಗಲೂ ನೆನೆಸಿಕೊಳ್ಳುತ್ತಾರೆ. ಅದೇ ಮುನಿರಾಜು ಅಭ್ಯಾಸಕ್ಕೆ ಬಂದರೆ ಒಂದು ದಿನ, ಬರದಿದ್ದರೆ ಎರಡು ದಿನ. ಬಂದಾಗಲೂ ಚೆಂಡು ಒಂದು ಕಡೆ, ಅವನು ಒಂದು ಕಡೆ. ಒಂದು ಮಧ್ಯಾಹ್ನ ಅವನೇ ಸ್ಟೋರ್ಸಿನ ಕಿಟಕಿಯ ಹತ್ತಿರ ಬಂದು ನಿಂತ.

"ಅಣ್ಣ, ಸಾಯಂಕಾಲದ ಬಸ್ಸು ಸಿಗ್ತಿಲ್ಲ ಕಣಣ್ಣ. ಆಟ ಮುಗಿಯೋವೊತ್ಗೆ ಒಂಟೋಗಿರ್ತೈತೆ. ಮನ್ಯಾಗೆ ಅಸ ಬ್ಯಾರೆ ಈದೈತೆ. ಬ್ಯಾರೆ ಯಾರನ್ನಾರ ಆಕ್ಕೊಳಣ್ಣ."

ಕಾಂತರಾಜನ ತಲೆಯೊಳಗೆ ಉತ್ತರಗಳು ಸಾಲಾಗಿ ಮೂಡಿದವು. ತಂಡದಲ್ಲಿ ತನ್ನ ಜಾಗದ ಬಗ್ಗೆ ಅನುಮಾನ ಬಂದಿರುವ ಹಿರಿಯ ಆಟಗಾರ. ಇಂಥವರಿಗೆ ಮಾತು ಕೊಡಬೇಕು.

"ಮುನಿರಾಜು, ನೀನು ಈ ತಂಡದ ಆಧಾರಸ್ತಂಭ. ನಿನ್ನ ಸಾಮರ್ಥ್ಯದಲ್ಲಿ ನನಗೆ ಪೂರ್ಣ ವಿಶ್ವಾಸವಿದೆ. ಪ್ರತಿ ಪಂದ್ಯದಲ್ಲೂ ಮೊದಲ ಹನ್ನೊಂದು ಜನರಲ್ಲಿ ನೀನಿರ್ತೀಯ."

ಮುನಿರಾಜು ಹಿಂದೆ ತಿರುಗಿ ನೋಡಿದ, ಇವನು ಇನ್ಯಾರ ಜೊತೆಯೋ ಮಾತಾಡುತ್ತಿರಬೇಕು ಅಂತ. "ನಾನು ಬಸ್ಸು ಅಂದೆ ಕಣಣ್ಣ," ಅಂದ.

"ಕ್ಯಾಪ್ಟನ್ನೂ ನೀನೇ," ಅಂದ ಕಾಂತರಾಜ್.

ಅಂದವನೇ ಮುನಿರಾಜುವಿನ ತಲೆಯ ಮೇಲೆ ಒಂದು ಕ್ಷಣ ನೋಡಿದ. ಹಸಿರು ಬಾಣ ಏಳಲಿಲ್ಲ. ಅಲ್ಲಿದ್ದದ್ದು ಜೇಡರ ಬಲೆ ಕಟ್ಟಿದ ಫ್ಯಾನು.

ಮೊದಲ ಪಂದ್ಯ ಬಿಸಿಲು ಇಳಿಯುವ ಹೊತ್ತಿಗೆ ಶುರುವಾಯಿತು. ಚೆಂಡು ಚೆನ್ನಾಗಿ ಬಂದು ಮುನಿರಾಜುವಿನ ಮುಂದೆಯೇ ಬಿತ್ತು. ಅವನು ಕಾಲು ಬೀಸಿದ್ದು ಗಾಳಿಗೆ. ಇನ್ನೊಮ್ಮೆ ಎತ್ತರದಿಂದ ಬಂದದ್ದು ನೇರ ಕಿವಿಗೆ ಬಡಿಯಿತು. ಸುತ್ತ ನಿಂತಿದ್ದವರು ತಮಿಳು, ತೆಲುಗು, ಕನ್ನಡ ಮೂರರಲ್ಲೂ ಭೇದವಿಲ್ಲದೆ ಬೈದರು. ಅರ್ಧ ಆಟದ ವಿರಾಮದಲ್ಲಿ ಕಾಂತರಾಜ್, ಗೇಮಿನಲ್ಲಿ ಕೋಪಗೊಂಡ ಮ್ಯಾನೇಜರ್ ಮಾಡುವಂತೆ, ನೀರಿನ ಬಾಟಲಿಯನ್ನು ನೆಲಕ್ಕೆ ಬೀಸಿ ಹೊಡೆದ. ಮುಚ್ಚಳ ಹಾಕಿರಲಿಲ್ಲ. ನೀರೆಲ್ಲ ಅವನ ಪ್ಯಾಂಟಿನ ಮೇಲೇ ಚೆಲ್ಲಿತು, ಅದೂ ಚೆಲ್ಲಬಾರದ ಜಾಗದಲ್ಲಿ.

"ಸಾರ್, ತಣ್ಣಗಿದ್ದಿದ್ದು ಅದೊಂದೇ ಬಾಟ್ಲಿ," ಅಂದ ಗೋಲ್‌ಕೀಪರ್ ದೊರೈ, ನಿಜವಾದ ದುಃಖದಲ್ಲಿ.

ಒದ್ದೆ ಪ್ಯಾಂಟಿನಲ್ಲೇ ಕಾಂತರಾಜ್ ಎಲ್ಲರ ಎದುರಿಗೆ ಮುನಿರಾಜುವಿನತ್ತ ಬೆರಳು ಮಾಡಿ, "ನಿನ್ನ ಇವತ್ತಿನ ಆಟ ನನಗೆ ತೀವ್ರ ನಿರಾಸೆ ತಂದಿದೆ" ಅಂದ. ಯಾರೋ ಕಿಸಕ್ಕನೆ ನಕ್ಕರು. ಮುನಿರಾಜು ನಗಲಿಲ್ಲ. ತೋಳಿಗೆ ಕಟ್ಟಿದ್ದ ಕ್ಯಾಪ್ಟನ್ ಪಟ್ಟಿ ಬಿಚ್ಚಿ ನೀರಿನ ಕ್ಯಾನಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆಗೆ ನಡೆದುಬಿಟ್ಟ. ಪಂದ್ಯ ಹೇಗಾಯಿತು ಅಂತ ಹೇಳುವ ಅಗತ್ಯವಿಲ್ಲ.

ಮಾರನೆಯ ದಿನದಿಂದ ಮುನಿರಾಜು ಕ್ಯಾಂಟೀನಿನಲ್ಲಿ ಕಾಂತರಾಜನಿಗೆ ಬೆನ್ನು ಹಾಕಿ ಕೂರತೊಡಗಿದ. ಗೇಮಿನಲ್ಲಾದರೆ ಮುನಿದ ಆಟಗಾರ ನಾಲ್ಕು ಪಂದ್ಯ ಕಳೆಯುವಷ್ಟರಲ್ಲಿ ತಾನಾಗಿ ಸರಿಹೋಗುತ್ತಾನೆ. ಕಾಂತರಾಜ್ ಕಾದ. ಮುನಿರಾಜುವಿನ ಬೆನ್ನು ತಿರುಗಲಿಲ್ಲ. ಕಡೆಗೆ ಕಲ್ಪನಳ ಹತ್ತಿರ ಹೇಳಿಕೊಂಡ.

"ಅವರ ಮನೆಗೆ ಹೋಗಿ ಮಾತಾಡಿಸ್ಕೊಂಡು ಬನ್ನಿ," ಅಂದಳು.

"ಏನಂತ ಮಾತಾಡಿಸ್ಲಿ?"

"ಅಯ್ಯೋ, ಅದನ್ನೂ ಮೊಬೈಲೇ ಹೇಳ್ಕೊಡ್ಬೇಕಾ? ಊಟ ಆಯ್ತಾ ಅನ್ನಿ. ಅಲ್ಲಿಂದ ತಾನಾಗೇ ಶುರುವಾಗುತ್ತೆ."

ಭಾನುವಾರ ಕಾಮಸಮುದ್ರದ ಬಸ್ಸು ಹಿಡಿದು, ಅಲ್ಲಿಂದ ಹಳ್ಳಿಗೆ ನಡೆದು ಹೋದ. ಮುನಿರಾಜು ಕೊಟ್ಟಿಗೆಯಲ್ಲಿದ್ದ. ಕಾಂತರಾಜ್ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನೇ ಕೇಳಿದ: "ಊಟ ಆಯ್ತಾ?"

ಇನ್ನೂ ಬಿಸಿಲೇ ಸರಿಯಾಗಿ ಏರಿರಲಿಲ್ಲ. "ಇಷ್ಟೊತ್ಗೆ ಯಾರಣ್ಣ ಉಣ್ತಾರೆ?" ಅಂದ ಮುನಿರಾಜು. ಆದರೂ ಮಾತು ಹೊರಬಿತ್ತಲ್ಲ, ಅದೇ ದೊಡ್ಡದು. ಮಂಚದ ಮೇಲೆ ಕೂತುಕೋ ಅಂತ ಕೈ ತೋರಿಸಿದ.

ಕರುವಿನ ಬಗ್ಗೆ ಮಾತಾಡಿದರು. ಮೇವಿನ ಬಗ್ಗೆ, ಡೈರಿಯಲ್ಲಿ ಹಾಲಿನ ಕೊಬ್ಬು ಕಡಿಮೆ ಬಂದದ್ದರ ಬಗ್ಗೆ. ಆಮೇಲೆ ಮುನಿರಾಜು ತನ್ನ ಕೆಲಸಕ್ಕೆ ತಿರುಗಿದ. ಕಾಂತರಾಜನಿಗೆ ಅಷ್ಟು ಹೊತ್ತು ಏನೂ ಹೇಳದೆ ಕೂತು ಅಭ್ಯಾಸವಿರಲಿಲ್ಲ. ಹೇಳಲು ಏನೂ ಇಲ್ಲದ್ದರಿಂದ ನೋಡುತ್ತಾ ಕೂತ. ಮುನಿರಾಜು ಹಾಲನ್ನು ಕ್ಯಾನಿಗೆ ಸುರಿಯುವಾಗ ಮೊದಲು ಬೆರಳಿನಿಂದ ಕ್ಯಾನಿನ ಬಾಯಿ ತಡವಿಕೊಂಡ. ಅವನ ಹೆಂಡತಿ ಮುನಿಲಕ್ಷ್ಮಿ ಕಾಫಿ ತಂದು ಚಾಚಿದಾಗ ಅವನ ಕೈ ಲೋಟದ ಪಕ್ಕದ ಗಾಳಿಯನ್ನು ಹಿಡಿಯಿತು.

ಕಾಂತರಾಜ್ ನೋಡಿದ್ದನ್ನು ಮುನಿಲಕ್ಷ್ಮಿ ನೋಡಿದಳು. "ನೀನಾರ ಯೋಳಣ್ಣ," ಅಂದಳು. "ಎಡಗಣ್ಣಾಗೆ ಒಗೆ ಕವ್ಕೊಂಡಂಗೆ ಆಗ್ತೈತಂತೆ. ಸಾಯಂಕಾಲ ಆದ್ರೆ ಇನ್ನೂ ಜಾಸ್ತಿ. ಡಾಕ್ಟ್ರತ್ರ ಓಗು ಅಂದ್ರೆ ನನ್ನ ಮಾತು ಕೇಳಾಕಿಲ್ಲ."

"ಸುಮ್ಕಿರ್ತೀಯಾ ನೀನು," ಅಂದ ಮುನಿರಾಜು. ಆದರೆ ಜೋರಿರಲಿಲ್ಲ.

"ಕ್ರೇನ್ ಮೇಲೆ ಹೆಂಗೆ ಮತ್ತೆ?" ಅಂತ ಕೇಳಿದ ಕಾಂತರಾಜ್.

"ಬೆಳಕಿದ್ರೆ ತೊಂದ್ರೆ ಇಲ್ಲಣ್ಣ. ಗೊತ್ತಾದ್ರೆ ಇಳಿಸಿಬಿಡ್ತಾರೆ. ಇಷ್ಟು ವರ್ಷ ಮೇಲೆ ಕೂತೋನು ಕೆಳಗೆ ಕಸ ಒಡೀಬೇಕಾಯ್ತದೆ."

ಕಾಂತರಾಜನ ತಲೆಯೊಳಗೆ ಈ ಸಲ ಯಾವ ಉತ್ತರವೂ ಮೂಡಲಿಲ್ಲ. ಆ ಕ್ರೇನ್ ಎತ್ತುವುದು ಟನ್ನುಗಟ್ಟಲೆ ಕಬ್ಬಿಣ. ತಾನು ಸ್ಟೋರ್ಸಿನ ಸಾಮಾನಿನ ಗಾಡಿ ತಳ್ಳಿಕೊಂಡು ಓಡಾಡುವುದು ಅದರ ಅಡಿಯಲ್ಲೇ.

"ನಾನು ದಿನಾ ಅದರ ಕೆಳಗೇ ಓಡಾಡ್ತೀನಿ ಕಣೋ ಮುನಿರಾಜು," ಅಂದ. ಸಮಾಧಾನದ್ದೂ ಅಲ್ಲ, ಗದರಿಕೆಯೂ ಅಲ್ಲ, ಬರಿಯ ಹೆದರಿಕೆ.

ಮುನಿರಾಜು ತಲೆ ತಗ್ಗಿಸಿದ. "ಅದುಕ್ಕೇ ಕಣಣ್ಣ ಅನ್ನ ಗಂಟಲಾಗೆ ಇಳೀತಿಲ್ಲ" ಅಂದ. ಮೂಗು ಒರೆಸಿಕೊಂಡು ಮುಂದುವರಿಸಿದ: "ಚೆಂಡೇ ಕಾಣ್ದೋನು ಮೈದಾನದಾಗೆ ಸಿಕ್ಕಾಕ್ಕೊಂಡ್ರೆ ಎಲ್ಲಾ ಗೊತ್ತಾಯ್ತದೆ ಅಂತ, ಬ್ಯಾರೆಯೋರನ್ನ ಆಕ್ಕೋ ಅಂತ ನಿನ್ನತ್ರ ಬಂದೆ. ನೀನು ಕ್ಯಾಪ್ಟನ್ ಮಾಡ್ದೆ."

ಮುನಿಲಕ್ಷ್ಮಿಗೆ ಮೊದಲು ನಗು ಬಂತು. ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡರೂ ನಿಲ್ಲಲಿಲ್ಲ. ಆಮೇಲೆ ಮುನಿರಾಜು ನಕ್ಕ. ಕಾಂತರಾಜನೂ ನಕ್ಕ, ಬೇರೆ ದಾರಿ ಇರಲಿಲ್ಲ.

ಸೋಮವಾರ ಇಬ್ಬರೂ ಒಟ್ಟಿಗೆ ಕಾರ್ಖಾನೆಯ ಡಾಕ್ಟರ ಹತ್ತಿರ ಹೋದರು. ಮುನಿರಾಜು ತಾನಾಗಿ ಹೇಳಿದ. ಕಾಂತರಾಜ್ ಬಾಗಿಲ ಹತ್ತಿರ, ತನ್ನದೇ ಪರೀಕ್ಷೆಯೇನೋ ಅನ್ನುವಂತೆ ಬೆವರುತ್ತಾ ನಿಂತಿದ್ದ. ಕಣ್ಣಿಗೆ ಪೊರೆ ಬಂದಿದೆ, ಸಕ್ಕರೆ ಕಾಯಿಲೆ ಇರುವವರಿಗೆ ಬೇಗ ಬರುತ್ತೆ, ಆಪರೇಷನ್ ಮಾಡಿದರೆ ಸರಿಹೋಗುತ್ತೆ ಅಂದರು ಡಾಕ್ಟರು. ಸಕ್ಕರೆ ಇದೆ ಅನ್ನುವುದೂ ಮುನಿರಾಜುವಿಗೆ ಆಗಲೇ ಗೊತ್ತಾದದ್ದು. ಅವತ್ತೇ ಅವನನ್ನು ಕ್ರೇನಿನಿಂದ ಇಳಿಸಿ ಟೂಲ್ ರೂಮಿಗೆ ಹಾಕಿದರು. ಕೂಡಲೇ ಎಲ್ಲವೂ ಸರಿಹೋಯಿತು ಅಂತಲ್ಲ. ಕ್ರೇನಿನಿಂದ ಇಳಿಸಿದ್ದರ ಸಿಟ್ಟನ್ನು ಅವನು ಬಹಳ ದಿನ ಕಾಂತರಾಜನ ಮೇಲೆ ತೀರಿಸಿಕೊಂಡ. ಕ್ಯಾಂಟೀನಿನಲ್ಲಿ ಈಗ ಎದುರಿಗೇ ಕೂತು ಮುಖ ಗಂಟು ಹಾಕಿಕೊಳ್ಳುತ್ತಿದ್ದ. ಕಾಂತರಾಜ್ ಅವನ ಎದುರಿನ ಜಾಗ ಬಿಡಲಿಲ್ಲ.

ತಂಡ ಮುಂದಿನ ಪಂದ್ಯದಲ್ಲೂ ಸೋತು ಮನೆಗೆ ಬಂತು. ಮರುವರ್ಷ ಮ್ಯಾನೇಜರ್ ಯಾರಾಗಬೇಕು ಅಂತ ಸಾಹೇಬರು ಕೇಳಿದಾಗ, ಕಾಂತರಾಜ್ ಕೈ ಎತ್ತುವ ಮುಂಚೆಯೇ ದೊರೈ ಅವನ ಕೈ ಹಿಡಿದುಕೊಂಡ. ಈ ಕಥೆಯನ್ನು ಈಗ ಕ್ಯಾಂಟೀನಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೇಳುವವನು ಕಾಂತರಾಜನೇ. ಪ್ಯಾಂಟು ಒದ್ದೆಯಾದ ಕಡೆ ಸ್ವಲ್ಪ ಹೆಚ್ಚೇ ಸೇರಿಸುತ್ತಾನೆ.

ಮುನಿರಾಜುವಿನ ಆಪರೇಷನ್ ಕೋಲಾರದಲ್ಲಿ ಆಯಿತು. ಕಪ್ಪು ಕನ್ನಡಕದ ದಿನಗಳು ಮುಗಿದು, ಮತ್ತೆ ಪರೀಕ್ಷೆಯಾಗಿ, ಅವನು ಕ್ರೇನ್ ಹತ್ತಿದ ಬೆಳಿಗ್ಗೆ ಕಾಂತರಾಜ್ ಗಾಡಿ ತಳ್ಳಿಕೊಂಡು ಕೆಳಗೆ ಹೋಗುತ್ತಿದ್ದ. ಮೇಲಿಂದ ಶೆಡ್ಡೆಲ್ಲ ಕೇಳುವ ಹಾಗೆ ಕೂಗು ಬಂತು:

"ಅಣ್ಣೋ, ಪಕ್ಕಕ್ಕೆ ಸರ್ಕೋ! ನೆತ್ತಿ ಮ್ಯಾಗೆ ಕೂದ್ಲು ಓಗಿರೋದು ಇಲ್ಲೀಗಂಟ ಕಾಣ್ತೈತೆ!"

ಕಾಂತರಾಜ್ ತಲೆ ಸವರಿಕೊಂಡು ಪಕ್ಕಕ್ಕೆ ಸರಿದ.